ಗಿಟಾರಿನ ಹೊಟ್ಟೆಯೊಳಗಿನ ಗಿಲಕಿ

2011ರ ಮೇ 3, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಓಲೀಟಾ ಸ್ಟಿಡಮ್ ಸತ್ತ ಗಂಡನ ಗಿಟಾರಿನ ಪೆಟ್ಟಿಗೆಯನ್ನು ಮಂಚದ ಕೆಳಗಿನಿಂದ ಎಳೆದು, ಕೊಂಡಿ ಬಿಚ್ಚಿ, ಗಿಟಾರನ್ನು ಎರಡೂ ಕೈಯಲ್ಲಿ ಎತ್ತಿದಳು. ಗಿಟಾರು ಸದ್ದು ಮಾಡಲಿಲ್ಲ.

ತಂತಿಯ ಸದ್ದಲ್ಲ. ಆ ಗಿಟಾರಿನ ಹೊಟ್ಟೆಯೊಳಗೆ, ವಿಷದ ಗಿಲಕಿ ಹಾವು ಬಾಲದ ತುದಿಯಲ್ಲಿ ಅಲುಗಿಸುವ ಗೆಣ್ಣು ಗೆಣ್ಣಿನ ಗಿಲಕಿಯೊಂದು ಇತ್ತು. ಅಮೆರಿಕದ ಕೆಂಟಕಿಯ ಆ ಗುಡ್ಡಗಳಲ್ಲಿ ಹಳೆಯ ಹಾಡುಗಾರರು ವಾದ್ಯದೊಳಗೆ ಹಾಗೆ ಒಂದನ್ನು ಹಾಕಿಡುತ್ತಿದ್ದರು. ತೇವ ಹಿಡಿಯುವುದಿಲ್ಲ, ಇಲಿ ಸುಳಿಯುವುದಿಲ್ಲ, ನಾದ ಮಾಗುತ್ತದೆ ಎಂಬ ನಂಬಿಕೆ. ನಿಜವೋ ಸುಳ್ಳೋ, ಹೋಬರ್ಟ್ ಗಿಟಾರು ಎತ್ತಿದಾಗಲೆಲ್ಲ ಒಣಗಿದ ಅವರೆಕಾಯಿ ಅಲುಗಿದಂತೆ ಝರ್ ಎನ್ನುತ್ತಿತ್ತು. ಓಲೀಟಾ ಒಲೆಯ ಕಡೆ ಮುಖ ಮಾಡಿ ನಿಂತಿದ್ದರೂ ಸರಿಯೆ, ಆ ಝರ್ ಕೇಳಿದರೆ ಸಾಕು, ಇವನು ಇವತ್ತು ಊಟಕ್ಕೆ ಕೂರುವವನಲ್ಲ ಎಂದು ಅವಳಿಗೆ ತಿಳಿಯುತ್ತಿತ್ತು.

ಅವಳು ಗಿಟಾರನ್ನು ಅಡ್ಡ ತಿರುಗಿಸಿದಳು, ತಲೆಕೆಳಗು ಮಾಡಿದಳು, ಮೆಲ್ಲಗೆ ಕುಲುಕಿದಳು. ಟಾರ್ಚು ತಂದು ನಡುವಿನ ತೂತಿನೊಳಗೆ ಬೆಳಕು ಬಿಟ್ಟು ನೋಡಿದಳು. ಧೂಳಿತ್ತು. ಪೆಟ್ಟಿಗೆಯ ಮೂಲೆ ತಡವಿದಳು, ಮಂಚದಡಿ ಗುಡಿಸಿದಳು. ಐವತ್ತು ವರ್ಷ ಒಳಗೆ ಕೂತಿದ್ದ ವಸ್ತು ತಾನಾಗಿ ಎದ್ದು ನಡೆದುಹೋಗುವುದಿಲ್ಲ. ಹಾಗಾದರೆ ಉಳಿಯುವುದು ಒಂದೇ: ಇದು ಹೋಬರ್ಟನ ಗಿಟಾರಲ್ಲ. ಅದನ್ನು ಯಾರೋ ಹೊಡೆದುಕೊಂಡು, ಅದೇ ಬಣ್ಣದ ಇನ್ನೊಂದನ್ನು ಇಲ್ಲಿಟ್ಟಿದ್ದಾರೆ.

ನೋಡಿ ಗುರುತಿಸಬಹುದಿತ್ತಲ್ಲ ಎನ್ನಬಹುದು. ಆದರೆ ಹೋಬರ್ಟ್ ಬದುಕಿರುವವರೆಗೆ ಅದನ್ನು ಯಾರಿಗೂ ಮುಟ್ಟಗೊಡಲಿಲ್ಲ, ಹೆಂಡತಿಗೂ. ಆ ಗಿಟಾರಿನ ಮುಖ ಅವಳಿಗೆ ಅಷ್ಟಾಗಿ ಗೊತ್ತಿರಲಿಲ್ಲ. ದನಿ ಗೊತ್ತಿತ್ತು.

ಗಿಲಕಿಯ ಮಾತನ್ನು ಯಾರ ಮುಂದೆಯೂ ಎತ್ತಬಾರದು ಎಂದು ಅವಳು ಅಲ್ಲೇ ಮಂಚದ ಅಂಚಿನಲ್ಲಿ ಕೂತು ತೀರ್ಮಾನಿಸಿದಳು. ಎತ್ತಿದರೆ ಕಳ್ಳರು ಇನ್ನೊಂದು ಹಾವಿನದನ್ನು ತಂದು ಹಾಕಿ ಬಾಯಿ ಮುಚ್ಚಿಸುತ್ತಾರೆ. ಈ ಗುಡ್ಡದಲ್ಲಿ ಹಾವಿಗೇನು ಬರ?

ಹೋಬರ್ಟ್ ನವೆಂಬರಿನಲ್ಲಿ ತೀರಿಕೊಂಡಿದ್ದ. ಮೂವತ್ತು ವರ್ಷ ಶನಿವಾರ ಸಂಜೆಗಳ ರೇಡಿಯೋದಲ್ಲಿ ಹಾಡಿದವನು. ಎರಡು ರೆಕಾರ್ಡು ತಂದವನು. ಪಾಳಿ ಮುಗಿಸಿ ಬಾರದ ಗಣಿ ಕಾರ್ಮಿಕನಿಗಾಗಿ ಒಲೆಯ ಮೇಲೆ ಕಾಫಿ ಕಾಯಿಸುತ್ತ ಕೂತ ಹೆಂಗಸಿನ ಮೇಲೆ ಅವನು ಕಟ್ಟಿದ ಹಾಡನ್ನು ಸುತ್ತಲಿನ ನಾಲ್ಕು ಕೌಂಟಿಗಳಲ್ಲಿ ಈಗಲೂ ಮದುವೆ, ಮಣ್ಣು ಎರಡರಲ್ಲೂ ಹಾಡುತ್ತಾರೆ. ಕೌಂಟಿ ಮ್ಯೂಸಿಯಮ್ಮಿನವರು ಅವನ ಗಿಟಾರಿಗೆ ಗಾಜಿನ ಪೆಟ್ಟಿಗೆ ಮಾಡಿಸಿಟ್ಟಿದ್ದರು. ಮೇ ಕೊನೆಯ ಭಾನುವಾರ ಗೋರಿಗಳಿಗೆ ಹೂವಿಡುವ ಡೆಕೊರೇಷನ್ ದಿನ ಮುಗಿದ ಮೇಲೆ ಬಂದು ಒಯ್ಯುವುದೆಂದು ಮಾತಾಗಿತ್ತು.

ಅಂದು ಸಂಜೆ ಊಟಕ್ಕೆ ಬೇಯಿಸಿದ ಬೀನ್ಸ್ ಕಾಳು, ಮೆಕ್ಕೆಜೋಳದ ಬ್ರೆಡ್ಡು, ಬಿಸಿ ಹಂದಿಕೊಬ್ಬು ಸುರಿದು ಬಾಡಿಸಿದ ಎಳೆ ಲೆಟಿಸ್ ಸೊಪ್ಪು. ಮಾಡಿದವಳು ಸೊಸೆ ಟ್ರೀವಾ. ಶಾಲೆಯ ಅಡುಗೆಮನೆಯಲ್ಲಿ ಆರುನೂರು ಮಕ್ಕಳಿಗೆ ಬೇಯಿಸಿ ಬಂದು ಮನೆಯಲ್ಲಿ ಮೂವರಿಗೆ ಬೇಯಿಸುವವಳು. ಮಗ ಡೆಲ್ಮರ್ ಗಣಿಯಲ್ಲಿ ಬೆನ್ನು ಕೆಡಿಸಿಕೊಂಡ ಮೇಲೆ ಗಂಡಹೆಂಡತಿ ಇಬ್ಬರೂ ಅಮ್ಮನ ಮನೆಗೇ ಬಂದಿದ್ದರು. ಅವರ ಮಗಳು ಶೆಲ್ಬಿ ದೂರದಲ್ಲಿ ನರ್ಸಿಂಗ್ ಓದುತ್ತಿದ್ದಳು.

"ನಿನ್ನ ವ್ಯಾನು ಈಚೆಗೆ ಬಾಳ ಸಲೀಸಾಗಿ ಗುಡ್ಡ ಹತ್ತುತ್ತೆ," ಎಂದಳು ಓಲೀಟಾ, ತಟ್ಟೆಯಿಂದ ಕಣ್ಣೆತ್ತದೆ.

"ಗೇರು ಬಾಕ್ಸ್ ಹೊಸದು ಹಾಕಿಸಿದೆವಲ್ಲ ಮಿಸ್ ಓಲೀಟಾ, ಏಪ್ರಿಲಲ್ಲಿ," ಎಂದಳು ಟ್ರೀವಾ. ಆ ಕಡೆ ಹಿರಿಯ ಹೆಂಗಸರಿಗೆ, ಮದುವೆಯಾಗಿದ್ದರೂ, ಗೌರವದ ಕರೆ 'ಮಿಸ್'.

"ಪುಕ್ಕಟೆ ಹಾಕಿಕೊಟ್ಟನೇನು?"

"ಟ್ಯಾಕ್ಸಿನ ದುಡ್ಡು ವಾಪಸ್ ಬಂದಿತ್ತು."

"ಸರ್ಕಾರ ಈ ವರ್ಷ ಧಾರಾಳ ಆಗ್ಬಿಟ್ಟಿದೆ."

ಡೆಲ್ಮರ್ ಬ್ರೆಡ್ಡಿನ ಮೇಲೆ ಬೆಣ್ಣೆ ಸವರುವುದನ್ನು ನಿಲ್ಲಿಸಿದ. "ಏನಮ್ಮ, ಏನು ವಿಷಯ?"

"ವಿಷಯ ಏನೂ ಇಲ್ಲ. ಮುದುಕಿ ವ್ಯಾನಿನ ಮಾತೂ ಆಡಬಾರದಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾಳೋ ಎಂದು ಓಲೀಟಾ ಓರೆಗಣ್ಣಲ್ಲಿ ಕಾದಳು. ಟ್ರೀವಾ ಹೆಗಲು ಮುಟ್ಟಲಿಲ್ಲ. ಎದ್ದು ಅತ್ತೆಯ ಲೋಟಕ್ಕೆ ಮಜ್ಜಿಗೆ ಬಗ್ಗಿಸಿದಳು. ಅದು ಇನ್ನೂ ಕೆಟ್ಟ ಲಕ್ಷಣವಾಗಿ ಓಲೀಟಾಳಿಗೆ ಕಂಡಿತು.

ಮಾರ್ಚಿನಲ್ಲಿ ಪಿತ್ತಕೋಶದ ಆಪರೇಷನ್ನಿಗೆಂದು ಅವಳು ಆಸ್ಪತ್ರೆ ಸೇರಿದ್ದಳು. ಆಗ ಡೆಲ್ಮರ್ ಆಸ್ಪತ್ರೆಯಲ್ಲಿ ಅವಳ ಜೊತೆಗಿದ್ದ; ಶಾಲೆಯಿಂದ ಬಂದ ಮೇಲೆ ಮನೆಯಲ್ಲಿ ಇದ್ದವಳು ಟ್ರೀವಾ ಒಬ್ಬಳೇ. ಏಪ್ರಿಲಿನಲ್ಲಿ ಗೇರು ಬಾಕ್ಸು. ಎರಡನ್ನು ಜೋಡಿಸಲು ಎಷ್ಟು ಹೊತ್ತು?

ಮರುದಿನದಿಂದ ಅವಳು ಮಲಗುವ ಕೋಣೆಯ ಹೊಸಿಲಿಗೆ ಚಿಟಿಕೆ ಹಿಟ್ಟು ಉದುರಿಸತೊಡಗಿದಳು. ಹೆಜ್ಜೆ ಮೂಡಿದರೆ ಸಿಕ್ಕಿಬಿದ್ದಂತೆ. ಸಂಜೆ ಬಂದು ನೋಡಿದರೆ ಹೊಸಿಲು ಥಳಥಳ.

"ಯಾರಪ್ಪ ದಿನಾ ಇಲ್ಲಿ ಹಿಟ್ಟು ಚೆಲ್ಲೋರು? ಇರುವೆ ಮುತ್ತುತ್ತೆ," ಎಂದು ಟ್ರೀವಾ ಪೊರಕೆ ಹಿಡಿದು ಗೊಣಗಿದಳು.

ಗುರುತು ಅಳಿಸುವುದು ಎಂದರೆ ಇದೇ ಅಲ್ಲವೇ, ಎಂದುಕೊಂಡಳು ಓಲೀಟಾ. ಗಿಟಾರಿನ ಪೆಟ್ಟಿಗೆಗೆ ಬೀಗ ಬಿತ್ತು. ಕೀಲಿ ಅವಳ ಕೊರಳಿಗೆ ಬಂತು. ಟ್ರೀವಾ ಕೆಲಸಕ್ಕೆ ಹೋಗುವ ಮುಂಚೆ ಬಟ್ಟೆ ಒಗೆಯುತ್ತಿದ್ದಾಗ ಓಲೀಟಾ ವ್ಯಾನಿನ ಖಾನೆಗಳನ್ನೆಲ್ಲ ತೆಗೆದು ನೋಡಿದಳು: ಟಿಶ್ಯೂ, ಕೂದಲಿನ ಕ್ಲಿಪ್ಪು, ಅರ್ಧ ತಿಂದ ಪುದೀನ ಮಿಠಾಯಿ. ಏನೂ ಸಿಗದಿದ್ದುದು ಅವಳ ಪಾಲಿಗೆ ಪುರಾವೆಯೇ ಆಯಿತು. ಹುಷಾರಿ ಹೆಂಗಸು ಕದ್ದದ್ದರ ಗುರುತು ಇಟ್ಟುಕೊಳ್ಳುತ್ತಾಳೆಯೇ? ಸೊಸೆ ಮಾಡಿದ್ದನ್ನು ತಿನ್ನುವುದನ್ನೂ ಮೆಲ್ಲಗೆ ಬಿಟ್ಟಳು. ಹೊಟ್ಟೆ ಸರಿಯಿಲ್ಲವೆಂದು ತಾನೇ ಮೊಟ್ಟೆ ಬೇಯಿಸಿಕೊಂಡು ನಿಂತುಕೊಂಡೇ ತಿನ್ನುತ್ತಿದ್ದಳು.

"ಅಮ್ಮನಿಗೆ ಏನೋ ಆಗಿದೆ," ಎಂದಳು ಟ್ರೀವಾ ಗಂಡನಿಗೆ, ಪಾತ್ರೆ ತೊಳೆಯುತ್ತ. ಓಲೀಟಾ ಗೋಡೆಯಾಚೆ ಕೂತು ಕೇಳಿಸಿಕೊಳ್ಳುತ್ತಿದ್ದಳು.

"ವಯಸ್ಸು," ಎಂದ ಡೆಲ್ಮರ್.

"ವಯಸ್ಸಲ್ಲ. ನನ್ನ ಕೈ ಕಡೆ ನೋಡ್ತಾರೆ, ಏನೋ ಬಚ್ಚಿಟ್ಕೊಂಡಿದ್ದೀನಿ ಅನ್ನೋ ಹಾಗೆ."

"ನೋಡಿದ್ರೆ ಕೈ ಸವೆಯುತ್ತಾ? ಬಿಡು."

ಡೆಲ್ಮರ್ ಹುಟ್ಟಾ ಹಾಗೆ. ಎರಡು ನಾಯಿ ಕಚ್ಚಾಡಿದರೆ ನಡುವೆ ಹೋಗದೆ ಪೇಪರು ಓದುವವನು. ಅಪ್ಪ ಹಾಡು ಕಲಿಸಲು ಕೂರಿಸಿದಾಗಲೂ ಅವನು ಹೀಗೇ ಕೈ ಚೆಲ್ಲಿದ್ದ.

ಎರಡನೆಯ ವಾರ ಮ್ಯೂಸಿಯಮ್ಮಿನ ಲೋಮನ್ ಕಾಡಿಲ್ ಗಿಟಾರು ನೋಡಲು ಬಂದ. ನಿವೃತ್ತ ಮೇಷ್ಟ್ರು, ಮೆತ್ತಗಿನ ಮಾತು. ಓಲೀಟಾ ಬೀಗ ತೆಗೆದು, ಕೈಕಟ್ಟಿ ನಿಂತು, "ಇದು ನನ್ನ ಗಂಡನ ಗಿಟಾರು ಹೌದೋ ಅಲ್ಲವೋ ನೀವೇ ಹೇಳಿ," ಎಂದಳು.

ಟ್ರೀವಾ ಕಾಫಿ ತರುತ್ತಿದ್ದವಳು ಬಾಗಿಲಲ್ಲೇ ನಿಂತಳು.

ಕಾಡಿಲ್ ಜೇಬಿನಿಂದ ಒಂದು ಹಳೆಯ ಫೋಟೋ ಹೊರತೆಗೆದ. ಹೋಬರ್ಟ್ ರೇಡಿಯೋ ಮೈಕಿನ ಮುಂದೆ ಗಿಟಾರನ್ನು ಓರೆಯಾಗಿ ಎತ್ತಿ ಹಿಡಿದಿದ್ದ. ಅದರ ಬೆನ್ನು ಕಾಣುತ್ತಿತ್ತು. ಬೆಲ್ಟಿನ ಬಕಲ್ಲು ಉಜ್ಜಿ ಬಿದ್ದ ಗೀರುಗಳನ್ನು ಅವನು ಭೂತಗನ್ನಡಿ ಹಿಡಿದು ಒಂದೊಂದಾಗಿ ಹೋಲಿಸಿದ. "ಇಲ್ಲಿ ಕುದುರೆ ಲಾಳದ ಹಾಗೆ ಒಂದು ತಿರುವು. ಇಲ್ಲೂ ಅದೇ. ಇದೇ ಗಿಟಾರು ಮಿಸೆಸ್ ಸ್ಟಿಡಮ್. ನನಗೆ ಅನುಮಾನವಿಲ್ಲ."

"ಫೋಟೋ ಮುಂದಿಟ್ಟುಕೊಂಡು ಗೀರು ಹಾಕೋದೇನು ಕಷ್ಟ?"

"ಅಷ್ಟು ಕಷ್ಟ ಪಡೋರು ಯಾರಮ್ಮಾ?"

"ಗೇರು ಬಾಕ್ಸ್ ಬೇಕಾದೋರು."

ಕಾಫಿ ಲೋಟಗಳು ಮೇಜಿನ ಮೇಲೆ ಕೂತವು, ಸ್ವಲ್ಪ ಜೋರಾಗಿಯೇ. ಕಾಡಿಲ್ ಕಾಫಿ ಕುಡಿಯದೆ ಹೊರಟುಹೋದ.

"ಈಗ ಹೇಳಿ," ಎಂದಳು ಟ್ರೀವಾ. "ನಾನು ಕದ್ದೆ ಅಂತೀರಾ?"

"ನಾನು ಯಾರ ಹೆಸರೂ ಎತ್ತಿಲ್ಲ."

"ಇಪ್ಪತ್ತೆರಡು ವರ್ಷ ಆಯ್ತು ಈ ಮನೆಗೆ ಸೊಸೆಯಾಗಿ. ನಿಮ್ಮ ಗಂಡನ ಕೊನೇ ತಿಂಗಳು ಅವರ ಹಾಸಿಗೆ ಬದಲಾಯಿಸಿದವಳು ನಾನು. ಹೆಸರು ಎತ್ತಿ ಮಿಸ್ ಓಲೀಟಾ, ಎತ್ತಿ."

"ಅದು ಹೋಬರ್ಟನ ಗಿಟಾರಲ್ಲ. ನನಗೆ ಗೊತ್ತು."

"ಹೇಗೆ ಗೊತ್ತು?"

ಓಲೀಟಾ ಪೆಟ್ಟಿಗೆಗೆ ಮತ್ತೆ ಬೀಗ ಹಾಕಿದಳು. "ಗೊತ್ತು. ಅಷ್ಟೆ."

"ಡೆಲ್ಮರ್!" ಟ್ರೀವಾ ಮೂಲೆಯಲ್ಲಿ ಪೇಪರು ಹಿಡಿದು ಕೂತಿದ್ದ ಗಂಡನ ಕಡೆ ತಿರುಗಿದಳು. "ಬಾಯಿದೆಯಾ ನಿನಗೆ?"

"ಇಬ್ಬರೂ ಸ್ವಲ್ಪ ತಣ್ಣಗಾಗಿ..."

"ನಾನು ತಣ್ಣಗೇ ಇದ್ದೀನಿ," ಎಂದು ಟ್ರೀವಾ ಒಲೆಯ ಮೇಲಿದ್ದ ತನ್ನ ಕಬ್ಬಿಣದ ಬಾಣಲೆಯನ್ನು ಒರೆಸಿ ಕಂಕುಳಲ್ಲಿ ಇಟ್ಟುಕೊಂಡಳು. ಅವಳ ಅಜ್ಜಿಯಿಂದ ಬಂದ ಬಾಣಲೆ ಅದು. ಆ ಕಡೆಯ ಹೆಂಗಸು ಸಿಟ್ಟಿನಲ್ಲಿ ಬಟ್ಟೆ ಒಯ್ದರೆ ವಾರದಲ್ಲಿ ಬರುತ್ತಾಳೆ. ಬಾಣಲೆ ಒಯ್ದರೆ ಮಾತು ಬೇರೆ. ಡೆಲ್ಮರನ ಮುಖ ಬಿಳಿಚಿತು. ವ್ಯಾನು ಸಲೀಸಾಗಿ ಗುಡ್ಡ ಇಳಿಯಿತು.

ಆ ಮೇಲೆ ಮನೆಯಲ್ಲಿ ತಾಯಿ ಮಗ ಇಬ್ಬರೇ. ಡೆಲ್ಮರ್ ತಗಡಿನ ತಟ್ಟೆಯಲ್ಲಿ ಬ್ರೆಡ್ಡು ಬೇಯಿಸಿ, ಮೇಲೆ ಕರಿ ಒಳಗೆ ಹಸಿ ಮಾಡಿ ತಂದಿಡುತ್ತಿದ್ದ. ಒಗೆಯುವ ಬಟ್ಟೆ ಮಷಿನ್ನಿನ ಮೇಲೆ ಗುಡ್ಡವಾಯಿತು. ಚರ್ಚಿನಲ್ಲಿ ಹೆಂಗಸರು ಓಲೀಟಾಳ ಕೈ ಹಿಡಿದು "ನಿನಗಾಗಿ ಪ್ರಾರ್ಥಿಸ್ತೀವಿ" ಎನ್ನುತ್ತಿದ್ದರು. ಎಂದರೆ ಸುದ್ದಿ ಎಲ್ಲರಿಗೂ ಮುಟ್ಟಿದೆ ಎಂದೇ ಅರ್ಥ.

"ಅಮ್ಮ, ಅವಳು ಕದ್ದಿಲ್ಲ," ಎಂದ ಡೆಲ್ಮರ್ ಒಂದು ದಿನ, ಸುಟ್ಟ ಅಂಚನ್ನು ಚಾಕುವಿನಲ್ಲಿ ಕೆರೆಯುತ್ತ.

"ಹಾಗಾದ್ರೆ ನೀನಾ?"

ಅವನು ಬ್ರೆಡ್ಡನ್ನು ಹಾಗೇ ಬಿಟ್ಟು ಎದ್ದುಹೋದ. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ. ಅವನ ಬೆನ್ನನ್ನೂ ಓಲೀಟಾ ಸ್ವಲ್ಪ ಹೊತ್ತು ದಿಟ್ಟಿಸಿದಳು.

ಶೆಲ್ಬಿ ಫೋನು ಮಾಡಿದಳು. "ಅಜ್ಜಿ, ಏನು ನಡೀತಿದೆ ಅಲ್ಲಿ? ಅಮ್ಮ ದೊಡ್ಡಮ್ಮನ ಮನೇಲಿ ಅಳ್ತಾ ಕೂತಿದ್ದಾಳೆ."

"ಅಳಲಿ. ತಾತನ ಗಿಟಾರು ಬದಲಾಗಿದೆ."

"ಹೇಗೆ ಹೇಳ್ತೀಯ?"

"ಗೊತ್ತಿರೋರಿಗೆ ಗೊತ್ತು."

"ಡೆಕೊರೇಷನ್ ದಿನ ನಾನು ಅದೇ ಗಿಟಾರಲ್ಲಿ ಹಾಡಬೇಕಿತ್ತಲ್ಲ?"

"ಆ ಸುಳ್ಳು ಪೆಟ್ಟಿಗೆ ನನ್ನ ಗಂಡನ ಗೋರಿ ಹತ್ತಿರ ಬರಕೂಡದು. ನಿನ್ನದೇ ತಗೊಂಡು ಬಾ."

ಆ ಗಿಟಾರಿನ ವಿಷಯದಲ್ಲಿ ಅವಳಿಗೆ ಏಕಿಷ್ಟು ಹಟ ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ವೇದಿಕೆಯ ಮೇಲೆ ಹೋಬರ್ಟ್ ಗಿಲಕಿಯ ಕಥೆ ಹೇಳದ ದಿನವಿಲ್ಲ. ಗಿಟಾರನ್ನು ಮೈಕಿನ ಹತ್ತಿರ ಅಲುಗಿಸುವನು. "ನಾನು ನನ್ನ ಹುಡುಗೀನ ನೋಡೋಕೆ ಬೆಟ್ಟ ದಾಟಿ ಬರ್ತಾ ಇದ್ದೆ. ದಾರಿಗೆ ಅಡ್ಡ ಮಲಗಿತ್ತು. ಇಪ್ಪತ್ತೊಂದು ಗೆಣ್ಣಿನ ಗಿಲಕಿ! ಬರೀ ಬೂಟಿನ ಹಿಮ್ಮಡೀಲಿ ಹೊಸಕಿ ಹಾಕಿದೆ." ಜನ ಕೇಕೆ ಹಾಕುವರು. ಬೂಟೂ ಇಲ್ಲ, ಬೆಟ್ಟವೂ ಇಲ್ಲ. ಮದುವೆಯಾಗಿ, ಡೆಲ್ಮರ್ ಹುಟ್ಟಿ, 1962ರ ಬೇಸಿಗೆಯಲ್ಲಿ ಬೀನ್ಸಿನ ಸಾಲಿನೊಳಗೆ ಆ ಹಾವನ್ನು ಗುದ್ದಲಿಯಿಂದ ಹೊಡೆದವಳು ಓಲೀಟಾ. ಹೋಬರ್ಟ್ ಆಗ ಎಲ್ಲೋ ಹಾಡುತ್ತಿದ್ದ. ಭಾನುವಾರ ಬಂದು ಬಾಲ ಕತ್ತರಿಸಿ ಕಿಟಕಿಯಲ್ಲಿ ಒಣಗಿಸಿದ. ಮೊದಲ ಸಲ ಆ ಕಥೆ ಕೇಳಿದಾಗ ಅವಳು ಎಲ್ಲರ ಜೊತೆ ನಕ್ಕಳು. ಎರಡನೆಯ ಸಲ ತುಟಿಯಲ್ಲಿ ನಕ್ಕಳು. ಆಮೇಲೆ ಮುಂದಿನ ಸಾಲಿನಲ್ಲಿ ಕೂರುವುದನ್ನೇ ಬಿಟ್ಟಳು. ಆದರೂ ಅವನ ಹಾಡಿನೊಳಗೆ ತನ್ನದೂ ಒಂದು ಚೂರು ಸದ್ದು ಮಾಡುತ್ತಿದೆ ಎಂಬುದು ಅವಳಿಗೆ ಗೊತ್ತಿತ್ತು, ಸಾಕಾಗಿತ್ತು. ಈಗ ಅದೂ ಹೋಗಿತ್ತು.

ಡೆಕೊರೇಷನ್ ಭಾನುವಾರ ಗುಡ್ಡದ ನೆತ್ತಿಯ ಹುಲ್ಲು ಕತ್ತರಿಸಿ, ಗೋರಿ ಗೋರಿಗೂ ಹೂ ಇಟ್ಟಾಗಿತ್ತು. ಮರದಡಿಯ ಉದ್ದ ಹಲಗೆಗಳ ಮೇಲೆ ಕರಿದ ಕೋಳಿ, ಕೋಳಿಸಾರಿನ ಹಿಟ್ಟಿನ ಉಂಡೆ, ಬಾಳೆಹಣ್ಣಿನ ಪುಡಿಂಗು, ಸೇಬಿನ ಪದರ ಪದರದ ಕೇಕು. ಟ್ರೀವಾಳ ಅಪ್ಪ ಅಮ್ಮನ ಗೋರಿಗಳೂ ಅದೇ ಗುಡ್ಡದಲ್ಲಿ ಇದ್ದವು. ಅವಳು ಅಕ್ಕನ ಮನೆಯವರೊಂದಿಗೆ ಆಚೆ ಬದಿಯಲ್ಲಿ ಕೌದಿ ಹಾಸಿ ಕೂತಿದ್ದಳು. ಡೆಲ್ಮರ್ ಎರಡೂ ಬದಿಗೆ ಸಮದೂರದಲ್ಲಿ ನಿಂತು ಹುಲ್ಲು ಕತ್ತರಿಸುವ ಯಂತ್ರ ಒರೆಸುತ್ತಿದ್ದ.

ಹೋಬರ್ಟನ ಕಲ್ಲಿನ ಮುಂದೆ ಜನ ಸೇರಿದರು. ಶೆಲ್ಬಿ ತನ್ನ ಅಗ್ಗದ ಗಿಟಾರನ್ನು ಚೀಲದಿಂದ ಎತ್ತಿದಳು.

ಝರ್.

ಓಲೀಟಾಳ ಕೈಯಲ್ಲಿದ್ದ ಕಾಗದದ ಹೂ ಮುದ್ದೆಯಾಯಿತು. "ಏನದು ಒಳಗೆ?"

ಶೆಲ್ಬಿ ನಕ್ಕಳು. "ಕೇಳಿಸ್ತಾ? ಕೇಳಿಸ್ಬೇಕು ಅಂತಲೇ..."

"ನಿಮ್ಮಮ್ಮ ಕೊಟ್ಟಳಾ?"

"ಅಮ್ಮನಿಗೆ ಇದರ ಗಂಧಗಾಳೀನೇ ಇಲ್ಲ. ತಾತ ಹಾಕಿಕೊಟ್ಟಿದ್ದು. ಅಕ್ಟೋಬರಲ್ಲಿ, ನೀನು ಚರ್ಚಿಗೆ ಹೋಗಿದ್ದಾಗ. ಬಟ್ಟೆ ನೇತುಹಾಕೋ ತಂತಿ ಬಗ್ಗಿಸಿ ತಮ್ಮ ಗಿಟಾರಿಂದ ಎಳೆದ್ರು, ಬೈಕೊಂಡು ಬೈಕೊಂಡು. 'ನಂದು ಗಾಜಿನ ಪೆಟ್ಟಿಗೆಗೆ ಹೋಗುತ್ತೆ ಕಣೆ, ಅಲ್ಲಿ ಇಲಿ ಬರಲ್ಲ. ಇದು ಹಾಡೋ ಗಿಟಾರಲ್ಲಿ ಇರಬೇಕು' ಅಂದ್ರು."

"ನನಗ್ಯಾಕೆ ಹೇಳ್ಲಿಲ್ಲ?"

"ಅವರು ಹೋದ ಮೇಲಿನ ಮೊದಲನೇ ಡೆಕೊರೇಷನ್ ದಿನ ಇಲ್ಲಿ ನಿಂತು ಹಾಡಬೇಕಂತೆ, ಆಗ ನೀನು ಕೇಳಬೇಕಂತೆ. ಅಲ್ಲೀತನಕ ಬಾಯಿ ಬಿಡಬಾರದು ಅಂತ ಆಣೆ ಹಾಕಿಸ್ಕೊಂಡ್ರು." ಶೆಲ್ಬಿಯ ನಗು ಮೆಲ್ಲಗೆ ಆರಿತು. "ಅಜ್ಜಿ... ಗಿಟಾರು ಬದಲಾಗಿದೆ ಅಂದಿದ್ದು ಇದಕ್ಕಾ? ಇಷ್ಟಕ್ಕಾ? ಒಂದು ಮಾತು ಕೇಳಿದ್ರೆ..."

"ನೀನು ಅಮ್ಮನ್ನ ಉಳಿಸೋಕೆ ಕಟ್ಟಿದ ಕಥೆ ಅಲ್ಲ ಅಂತ ನಾನು ಹೇಗೆ ನಂಬ್ಲಿ?"

ಶೆಲ್ಬಿ ಅಜ್ಜಿಯ ಕಿವಿಯ ಹತ್ತಿರ ಬಾಗಿದಳು. "ಹಾವು ಹೊಡೆದಿದ್ದು ನೀನಂತೆ, ಅವರಲ್ಲವಂತೆ. ಗುದ್ದಲಿಯ ಕಾವು ಮುರೀತಂತೆ. ನಮ್ಮಪ್ಪ ಆಗ ಕೂಸಂತೆ, ಸಾಲಿನ ತುದೀಲಿ ಬಟ್ಟೆ ಒಗೆಯೋ ತೊಟ್ಟೀಲಿ ಕೂತು ಚಪ್ಪಾಳೆ ತಟ್ಟುತಿದ್ದನಂತೆ."

ಆ ಚಪ್ಪಾಳೆಯನ್ನು ಓಲೀಟಾ ಹೋಬರ್ಟನಿಗೊಬ್ಬನಿಗೇ ಹೇಳಿದ್ದಳು. ಅವಳು ಮುದ್ದೆಯಾದ ಹೂವನ್ನು ಬಿಡಿಸಿ ಕಲ್ಲಿನ ಬುಡದಲ್ಲಿಟ್ಟಳು.

"ಎಷ್ಟು ಗೆಣ್ಣು ಅಂದ?"

"ಅದು ಹೇಳ್ಲಿಲ್ಲ."

"ಹೇಳಲ್ಲ ಬಿಡು. ಹಾಡು ನೀನು."

ಶೆಲ್ಬಿ ಒಲೆಯ ಮೇಲಿನ ಕಾಫಿಯ ಹಾಡು ಹಾಡಿದಳು. ಮುಗಿದ ಮೇಲೆ ಓಲೀಟಾ ಖಾಲಿ ತಟ್ಟೆ ಹಿಡಿದು, ಊರೆಲ್ಲ ನೋಡುತ್ತಿರುವಂತೆಯೇ ಆಚೆ ಬದಿಯ ಕೌದಿಯವರೆಗೆ ನಡೆದಳು.

"ಗಿಲಕಿ ಸಿಕ್ತು," ಎಂದಳು.

"ಗಿಲಕಿ ಎಲ್ಲಿಗೆ ಹೋಗಿತ್ತು?" ಎಂದಳು ಟ್ರೀವಾ. ಅದು ಕಳೆದದ್ದೇ ಅವಳಿಗೆ ಗೊತ್ತಿರಲಿಲ್ಲ. ಓಲೀಟಾ ನಿಂತುಕೊಂಡೇ ಎಲ್ಲವನ್ನೂ ಹೇಳಬೇಕಾಯಿತು, ಹೊಸಿಲಿನ ಹಿಟ್ಟಿನವರೆಗೆ, ವ್ಯಾನಿನ ಪುದೀನ ಮಿಠಾಯಿಯವರೆಗೆ. ಟ್ರೀವಾಳ ಅಕ್ಕ ಬಾಯಿ ತೆರೆದು ಕೇಳಿದಳು.

"ಈ ಒಂದು ಮಾತು ಅವತ್ತೇ ಕೇಳಿದ್ರೆ ಆಗ್ತಿರ್ಲಿಲ್ವಾ?"

"ಕೇಳಿದ್ರೆ ಕಳ್ಳ ಹುಷಾರಾಗ್ತಿದ್ದ."

"ಯಾವ ಕಳ್ಳ, ಮಿಸ್ ಓಲೀಟಾ?"

ಓಲೀಟಾ ತಟ್ಟೆ ಚಾಚಿದಳು. "ನಿನ್ನ ಆಲೂಗಡ್ಡೆ ಸಾಲಡ್ ಹಾಕು."

ಟ್ರೀವಾ ತಟ್ಟೆಯನ್ನೂ ಮುಖವನ್ನೂ ನೋಡಿದಳು. ಕೊನೆಗೆ ಒಂದೇ ಚಮಚ ಹಾಕಿದಳು. ಓಲೀಟಾ ಅಲ್ಲೇ ತಿಂದಳು. "ಉಪ್ಪು ಜಾಸ್ತಿ."

"ಸುಳ್ಳು. ನಿಮ್ಮ ನಾಲಿಗೆ ಹಾಗೆ."

"ಇರಬಹುದು," ಎಂದಳು ಓಲೀಟಾ. ಆ ಬಾಯಿಂದ ಆ ಮಾತು ಬಂದದ್ದನ್ನು ಟ್ರೀವಾ ಕೇಳಿದ್ದು ಅದೇ ಮೊದಲು. "ನಾನು ತಪ್ಪಿದೆ ಟ್ರೀವಾ. ಬಾಣಲೆ ತಗೊಂಡು ಮನೆಗೆ ಬಾ. ಡೆಲ್ಮರ್ ಬ್ರೆಡ್ಡು ತಿಂದು ಹಲ್ಲು ಹೋಗೋ ಹಾಗಾಗಿದೆ."

"ಮಂಗಳವಾರ ಬರ್ತೀನಿ, ಡೆಲ್ಮರ್ ಬಟ್ಟೆ ಒಗೆದು ಹಾಕೋಕೆ. ಬಾಣಲೆ ಸದ್ಯಕ್ಕೆ ಅಕ್ಕನ ಮನೇಲಿರುತ್ತೆ."

ಮಂಗಳವಾರ ಟ್ರೀವಾ ಬಂದಳು. ಅವಳು ಒಳಗೆ ಕಾಲಿಡುವ ಮೊದಲೇ ಓಲೀಟಾ, ಹುಟ್ಟುಗುಣ ಬಿಡುವುದೆಲ್ಲಿ, ಕಿಟಕಿಯಿಂದ ವ್ಯಾನಿನೊಳಗೆ ಇಣುಕಿದ್ದಳು. ಮುಂದಿನ ಸೀಟಿನ ಮೇಲೆ ಟವೆಲಿನಲ್ಲಿ ಸುತ್ತಿದ ದುಂಡನೆಯ ವಸ್ತುವೊಂದು ಇತ್ತು, ಕಬ್ಬಿಣದ ಹಿಡಿ ಹೊರಗೆ ಚಾಚಿಕೊಂಡು. ಅದು ಕೆಳಗಿಳಿದಿರಲಿಲ್ಲ. ಓಲೀಟಾ ಹೋಗಿ ಬಾಗಿಲು ತೆರೆದಳು.

ಅಂದೇ ಲೋಮನ್ ಕಾಡಿಲ್ ಗಿಟಾರು ಒಯ್ಯಲು ಬಂದು, ಗಾಜಿನ ಪೆಟ್ಟಿಗೆಯ ಪಕ್ಕದಲ್ಲಿಡುವ ಫಲಕಕ್ಕೆ ವಿವರ ಬರೆದುಕೊಳ್ಳುತ್ತಿದ್ದ. "ಗಿಲಕಿ ಮೊಮ್ಮಗಳ ಹತ್ತಿರ ಇರ್ಲಿ. ಆದ್ರೆ ಅದರ ಕಥೆ ಜನಕ್ಕೆ ಬೇಕು. ಇಪ್ಪತ್ತೊಂದು ಗೆಣ್ಣು, ಬೂಟಿನ ಹಿಮ್ಮಡಿ. ಹಾಗೇ ಬರೀಲಾ?"

ಡೆಲ್ಮರ್ ಅಮ್ಮನನ್ನು ನೋಡಿದ. ಇನ್ನೂ ಓದಿಗೆ ಮರಳಿರದ ಶೆಲ್ಬಿಯೂ ನೋಡಿದಳು. ಟ್ರೀವಾ ಮಾತ್ರ ಒಗೆದ ಅಂಗಿ ಮಡಚುತ್ತಲೇ ಇದ್ದಳು. ಈ ಮುದುಕಿ ಏನು ಹೇಳುತ್ತಾಳೋ ನೋಡೋಣ ಎಂಬಂತಿತ್ತು ಆ ಮಡಚುವ ರೀತಿ.

"ಹೊಡೆದಿದ್ದು ನಾನು, ಬೀನ್ಸ್ ಸಾಲಲ್ಲಿ, ಗುದ್ದಲೀಲಿ. ಹಾಗೆ ಬರ್ಕೊಳ್ಳಿ," ಎಂದಳು ಓಲೀಟಾ. "ಶೆಲ್ಬಿ, ಹೊರಗೆ ತೆಗಿ ಅದನ್ನ. ಟ್ರೀವಾ, ನನ್ನ ಹೊಲಿಗೆ ಟೇಪು ತಗೊಂಡು ನೀನೇ ಅಳೆ. ನಾನು ಅಳೆದ್ರೆ ಯಾರೂ ನಂಬಲ್ಲ."

ಶೆಲ್ಬಿ ಗಿಲಕಿಯನ್ನು ತಂತಿಯಿಂದ ಎಳೆದು, ಹಾಸಿದ ಪೇಪರಿನ ಮೇಲಿಟ್ಟಳು. ಒಣಗಿ ಜೇನುಬಣ್ಣಕ್ಕೆ ತಿರುಗಿತ್ತು. "ಮುಖ ಹತ್ತಿರ ತರಬೇಡಿ, ಆ ಪುಡಿ ಕಣ್ಣಿಗೆ ಕೆಟ್ಟದ್ದು," ಎಂದು ಎಲ್ಲರನ್ನೂ ಹಿಂದೆ ಸರಿಸಿ ಟ್ರೀವಾ ಉಗುರಿನ ತುದಿಯಿಂದ ಗೆಣ್ಣು ಎಣಿಸಿದಳು. ಎಂಟು. ಟೇಪು ಹಾಸಿ ನೋಡಿದಳು. ನಂಬಿಕೆ ಬರದೆ ಇನ್ನೊಂದು ತುದಿಯಿಂದ ಮತ್ತೆ ಹಾಸಿದಳು.

"ಎಷ್ಟು?" ಎಂದ ಕಾಡಿಲ್.

"ಒಂದೂಮುಕ್ಕಾಲು ಇಂಚು."